ನೋಡಿದವನ ಋಣ

ಪರಸ್ಥಳದ ಮಿತ್ರರೊಬ್ಬರು ನಮ್ಮಲ್ಲಿಗೆ ಬರುವುದಾಗಿ ಕಾಗದ ಬರೆದು, ರಾಯಚೂರ ಸೀಮೆಯಲ್ಲಿ ನೋಡತಕ್ಕ ಸ್ಥಳಗಳಾವುವೆಂದು ಕೇಳಿದರೆ, ನಮ್ಮಲ್ಲಿ ಬಹುಮಂದಿ ಕೊಡುವ ಉತ್ತರವು ಒಂದೇ ಬಗೆಯದು. "ಇಲ್ಲೇನಿದೆ? ಬಿಸಿಲು, ಕರಿಯ ಮಣ್ಣು. ಆದರೆ ಮಂತ್ರಾಲಯ ಹತ್ತಿರ, ಹಂಪಿಯೂ ಬಹಳ ದೂರವಲ್ಲ" ಎಂದು ನಾವು ಬರೆಯುತ್ತೇವೆ. ಎಂದರೆ, ನಮ್ಮ ಊರಿನ ದೊಡ್ಡ ಗುಣವು ಅದು ಬೇರೆ ಊರುಗಳಿಗೆ ಹತ್ತಿರವಾಗಿರುವುದೇ ಎಂದು ನಾವೇ ಒಪ್ಪಿಕೊಂಡಂತಾಯಿತು. ಈ ಉತ್ತರವು ವಿನಯದಿಂದ ಹುಟ್ಟಿದುದೋ, ಅಜ್ಞಾನದಿಂದ ಹುಟ್ಟಿದುದೋ, ಇಲ್ಲವೆ ಇವೆರಡಕ್ಕಿಂತಲೂ ಆಳವಾದ ಒಂದು ದೋಷದಿಂದ ಹುಟ್ಟಿದುದೋ ಎಂಬುದನ್ನು ವಿಚಾರ ಮಾಡಬೇಕೆಂದು ಈ ಲೇಖನವನ್ನು ಆರಂಭಿಸಿದೆನು. ಬರೆಯುತ್ತ ಹೋದಂತೆ ಅದರ ಬೆನ್ನ ಹಿಂದೆಯೇ ಇನ್ನೊಂದು ಪ್ರಶ್ನೆಯು ನಿಂತಿರುವುದು ಕಂಡಿತು. ಹತ್ತಿರದ್ದನ್ನು ನೋಡುವುದು ನಮ್ಮ ಕರ್ತವ್ಯವೆಂದು ಒಪ್ಪಿದರೂ, ನೋಡಿದ ಮೇಲೆ ನಾವು ಆ ಊರಿಗೆ ಏನಾದರೂ ಋಣಿಗಳಾಗುತ್ತೇವೆಯೇ? ಎರಡನೆಯದೇ ಹೆಚ್ಚು ಕಠಿಣವಾದ ಪ್ರಶ್ನೆ.

ಮೊದಲು ಇಲ್ಲೇನೂ ಇಲ್ಲವೆಂಬ ಮಾತನ್ನು ಪರೀಕ್ಷಿಸೋಣ. ರಾಯಚೂರ ನಗರದ ಕೋಟೆಯನ್ನೇ ತೆಗೆದುಕೊಳ್ಳಿರಿ. ಅದರ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿಯು ಈ ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಣ ತೆಲುಗು ಶಾಸನವು ಸಾರುತ್ತದೆ. ಶಾಸನವನ್ನು ಓದಬಲ್ಲವರು ಅಷ್ಟನ್ನೇ ಓದಿ ಮುಂದೆ ಹೋಗುತ್ತಾರೆ. ಆದರೆ ಗೋಡೆಯಲ್ಲಿಯೇ ಒಂದು ಚಿತ್ರವೂ ಉಂಟು. ಆ ಮಹಾಶಿಲೆಯನ್ನು ಬಂಡಿಯ ಮೇಲೆ ಹೇರಿ ಕೋಣಗಳು ಎಳೆಯುತ್ತಿವೆ. ಆಳುಗಳು ಅವುಗಳನ್ನು ಹುರಿದುಂಬಿಸುತ್ತಿದ್ದಾರೆ. ಇನ್ನು ಕೆಲವರು ಗಾಲಿಗೆ ಸನ್ನೆಗೋಲು ಹಾಕಿ ಮೀಟುತ್ತಿದ್ದಾರೆ. ಕಟ್ಟಿಸಿದವನ ಹೆಸರು ಅಕ್ಷರದಲ್ಲಿ ಉಳಿಯಿತು. ಎಳೆದವರ ಹೆಸರು ಉಳಿಯಲಿಲ್ಲ. ಆದರೂ ಆ ಶಿಲ್ಪಿಗೆ ಅವರ ಬೆವರು ಮರೆಯತಕ್ಕದ್ದೆಂದು ತೋರಲಿಲ್ಲ. ಈ ಚಿತ್ರವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಮಗೆ ಅದರಿಂದ ಕೆಲಸವಿದೆ.

ಅಲ್ಲಿಂದ ದೇವದುರ್ಗದ ದಾರಿ ಹಿಡಿದರೆ ಗಬ್ಬೂರು ಸಿಕ್ಕುತ್ತದೆ. ಹಿಂದೆ ಗೋಪುರಗ್ರಾಮವೆನಿಸಿಕೊಂಡಿದ್ದ ಈ ಊರು ಒಂದು ಕಾಲಕ್ಕೆ ವಿದ್ಯಾಕೇಂದ್ರವೂ ಆಗಿದ್ದಿತು. ಪೂರ್ಣವಾಗಿ ಕಲ್ಲಿನಿಂದ ಕಟ್ಟಿದ ಮಲೆಶಂಕರನ ಗುಡಿ, ಬಂಗಾರ ಬಸಪ್ಪನ ಗುಡಿ, ವೆಂಕಟೇಶ್ವರ, ಈಶ್ವರ, ಹನುಮಂತರ ಗುಡಿಗಳು, ಹಾಳಾದ ಇನ್ನೂ ಕೆಲವು ದೇವಾಲಯಗಳು, ಹಳೆಯ ಶಾಸನಗಳು, ಇವೆಲ್ಲ ಇಷ್ಟು ಚಿಕ್ಕ ಊರಿನಲ್ಲಿ ಒಟ್ಟುಗೂಡಿವೆ. ಬಸ್ಸು ಅಲ್ಲಿ ನಿಲ್ಲುತ್ತದೆ. ಆದರೆ ಕೆಲಸವಿದ್ದವರ ಹೊರತು ಇಳಿಯುವವರು ವಿರಳ. ಮುಂದೆ ದೇವದುರ್ಗ, ಬೇಡ ನಾಯಕರ ಬಲವಾದ ನೆಲೆಯೆಂದು ಹೆಸರಾಗಿದ್ದ ಆ ಊರಿನಲ್ಲಿ ಇಂದು ಕೋಟೆಯ ಅವಶೇಷಗಳಿವೆ. ಅದೇ ತಾಲೂಕಿನ ಮೊಸರಕಲ್ಲಿನಲ್ಲಿ ಗೋಪಾಲದಾಸರು ಹುಟ್ಟಿದರು. ಮಾನ್ವಿಯ ಕಡೆಗೆ ತಿರುಗಿದರೆ ತುಂಗಭದ್ರೆಯ ದಂಡೆಯ ಚೀಕಲಪರವಿ ವಿಜಯದಾಸರ ಜನ್ಮಸ್ಥಳ, ಬ್ಯಾಗವಾಟ ಜಗನ್ನಾಥದಾಸರದು, ಮಾನ್ವಿ ಆ ಜಗನ್ನಾಥದಾಸರು ಬಾಳಿದ ಊರು. ಕನ್ನಡ ದಾಸಸಾಹಿತ್ಯದ ಎರಡನೆಯ ವಸಂತವು ಅರಳಿದುದು ಬಹುಮಟ್ಟಿಗೆ ಈ ನಾಲ್ಕಾರು ಹಳ್ಳಿಗಳ ನಡುವೆ. ಇನ್ನು ಪಶ್ಚಿಮಕ್ಕೆ ಹೋದರೆ ಮಸ್ಕಿ, ಮುದಗಲ್ಲು, ಹಟ್ಟಿಯ ಚಿನ್ನದ ಗಣಿ, ಪಿಕ್ಲಿಹಾಳದ ಶಿಲಾಯುಗದ ನೆಲೆ. ಆದಕಾರಣ ಇಲ್ಲೇನಿದೆ ಎಂಬ ಮಾತು ವಸ್ತುಸ್ಥಿತಿಯನ್ನು ಹೇಳುವ ಮಾತಲ್ಲ. ನಮ್ಮ ಕಣ್ಣಿನ ಸ್ಥಿತಿಯನ್ನು ಹೇಳುವ ಮಾತು.

ಹತ್ತಿರದ್ದನ್ನು ಕಾಣದ ಈ ದೋಷವು ಹೊಸದಲ್ಲ. ಮಾನ್ವಿಯ ಸುತ್ತ ಎಲ್ಲರೂ ಬಲ್ಲ ಐತಿಹ್ಯವೊಂದನ್ನು ಇಲ್ಲಿ ನೆನೆಯಬಹುದು. ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರಾಗಿದ್ದರು. ನೆರೆಯೂರಿನವರಾದ ವಿಜಯದಾಸರು ಮಾನ್ವಿಗೆ ಬಂದು ಅವರನ್ನು ಪ್ರಸಾದಕ್ಕೆ ಕರೆದಾಗ, ಕನ್ನಡದಲ್ಲಿ ಹಾಡು ಕಟ್ಟುವ ದಾಸರ ಪಂಕ್ತಿಗೆ ಹೋಗಲು ಇಷ್ಟಪಡದೆ, ಹೊಟ್ಟೆಯ ಬಾಧೆಯ ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪವೇ ನಿಜವಾದ ಬಾಧೆಯಾಗಿ ಅವರನ್ನು ಹಿಡಿಯಿತು. ಮಂತ್ರಾಲಯದವರೆಗೆ ಹೋಗಿ ಸೇವೆ ಮಾಡಿದರೂ, ನೀನು ಯಾರನ್ನು ಅವಮಾನಿಸಿದೆಯೋ ಅವರ ಬಳಿಗೇ ಹೋಗು ಎಂಬ ಸೂಚನೆಯಾಯಿತಂತೆ. ಕಡೆಗೆ ವಿಜಯದಾಸರ ಆಜ್ಞೆಯಂತೆ ಗೋಪಾಲದಾಸರು ಅವರಿಗೆ ತಮ್ಮ ಆಯುಸ್ಸಿನಲ್ಲಿಯೇ ಪಾಲನ್ನು ಕೊಟ್ಟು ಉಳಿಸಿದರೆಂದು ಹೇಳುತ್ತಾರೆ. ಉಳಿದ ಪಂಡಿತರು ದಾಸರಾದರು. ಹರಿಕಥಾಮೃತಸಾರವು ಕನ್ನಡಕ್ಕೆ ಬಂದಿತು.

ಈ ಕಥೆಯನ್ನು ನಂಬುವವರು ನಂಬಲಿ, ನಂಬದವರು ಬಿಡಲಿ. ಅದರೊಳಗಿನ ನೀತಿಯ ವಿಚಾರವು ನಂಬಿಕೆಯನ್ನು ಅವಲಂಬಿಸಿಲ್ಲ. ಪಂಡಿತರಿಗೆ ವಿಜಯದಾಸರ ಪರಿಚಯವಿರಲಿಲ್ಲವೆಂದಲ್ಲ. ಪರಿಚಯವಿದ್ದುದೇ ಕಾಣದಿರುವುದಕ್ಕೆ ಕಾರಣವಾಯಿತು. ಕಾಶಿಯಿಂದ ಬಂದ ವಿದ್ವಾಂಸನಾಗಿದ್ದರೆ ಅವರೇ ಎದ್ದುಹೋಗಿ ಎದುರುಗೊಳ್ಳುತ್ತಿದ್ದರೇನೋ. ನೆರೆಯ ಹಳ್ಳಿಯವನು, ಆಡುಮಾತಿನಲ್ಲಿ ಹಾಡುವವನು, ಅವನಲ್ಲೇನಿದ್ದೀತು? ದೂರದ ವಸ್ತುವಿಗೆ ದೂರವೇ ಒಂದು ಬೆಲೆಯನ್ನು ಕಟ್ಟಿಕೊಡುತ್ತದೆ. ಹತ್ತಿರದ್ದಕ್ಕೆ ನಾವೇ ಬೆಲೆ ಕಟ್ಟಬೇಕು; ಅದಕ್ಕೆ ಬುದ್ಧಿಯ ಶ್ರಮ ಬೇಕು, ಅಹಂಕಾರದ ತ್ಯಾಗವೂ ಬೇಕು. ಆದಕಾರಣ ಹತ್ತಿರದ್ದನ್ನು ನೋಡದಿರುವುದು ಕೇವಲ ಅಜ್ಞಾನವಲ್ಲ, ಒಂದು ಬಗೆಯ ಅವಜ್ಞೆಯೇ ಎಂದು ನಾನು ಹೇಳುವೆನು. ಅಜ್ಞಾನಕ್ಕೆ ಕ್ಷಮೆಯುಂಟು, ಅವಜ್ಞೆಗೆ ಪ್ರಾಯಶ್ಚಿತ್ತ ಬೇಕಾಗುತ್ತದೆ.

ಹಾಗಾದರೆ ಪ್ರಾಯಶ್ಚಿತ್ತವು ಸುಲಭವಾಯಿತಲ್ಲವೇ, ಬುತ್ತಿ ಕಟ್ಟಿಕೊಂಡು ಹೊರಟು ಎಲ್ಲವನ್ನೂ ನೋಡಿಬಂದರೆ ಸಾಕಲ್ಲವೇ, ಎಂದು ವಾಚಕರು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆನು. ಆ ಎಣಿಕೆ ಕೆಟ್ಟ ಬಗೆಯನ್ನು ಹೇಳಿಬಿಡುತ್ತೇನೆ.

ದೇವದುರ್ಗ ತಾಲೂಕಿನ ಒಂದು ಸಣ್ಣ ಊರು. ಅದರ ಹೆಸರು ಇಲ್ಲಿ ಬೇಡ. ಊರಂಚಿನಲ್ಲಿ ಹಳೆಯ ಗುಡಿಯ ಮುಖಮಂಟಪವೊಂದು ಉಳಿದಿದೆ. ಬೇಸಿಗೆ ಕಾಲಿಡುವ ಹೊತ್ತಿನಲ್ಲಿ, ಕೈಯಲ್ಲಿ ಅಳತೆಯ ಪಟ್ಟಿ, ಬಗಲಲ್ಲಿ ಟಿಪ್ಪಣಿಯ ಪುಸ್ತಕ ಹಿಡಿದು ನಾನು ಅಲ್ಲಿಗೆ ಹೋಗಿದ್ದೆನು. ಮಂಟಪದ ನೆಲದ ತುಂಬ ತೊಗರಿ ಹರವಿತ್ತು. ಒಂದು ಕಂಬಕ್ಕೆ ಆಡು ಕಟ್ಟಿತ್ತು. ಹಗ್ಗವು ಉಜ್ಜಿ ಉಜ್ಜಿ ಕಂಬದ ನುಣುಪಾದ ಕೆತ್ತನೆಯ ಅಂಚು ಸವೆದಿತ್ತು. ನಡುವೆ ಒಬ್ಬ ಮುದುಕಿ ಎರಡು ಮಕ್ಕಳನ್ನು ಹತ್ತಿರ ಕೂಡ್ರಿಸಿಕೊಂಡು ಕಾಳು ಹಸನು ಮಾಡುತ್ತಿದ್ದಳು. ಇಂಥ ಕಲ್ಲಿಗೆ ಇಂಥ ಗತಿಯೇ ಎಂದು ನನಗೆ ಸಿಟ್ಟು ಬಂದಿತು. ಅವಳಿಗೆ ಬುದ್ಧಿ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು:

"ಏನ್ ನೋಡಾಕ ಬಂದೀಯಪ್ಪಾ?"

"ಗುಡಿ ನೋಡಲಿಕ್ಕೆ ಬಂದೆ, ಯವ್ವಾ."

"ಗುಡಿ ಎಲ್ಲಿಗಿ ಹೋಗ್ತೈತಿ? ಇಲ್ಲೇ ಇರ್ತೈತಿ. ಮಂದಿ ಹೋಗ್ಯಾರ. ಅವ್ರನ್ನ ಯಾರು ನೋಡ್ತಾರ?"

ಅವಳ ಮಗನೂ ಸೊಸೆಯೂ ಗುಳೆ ಹೋಗಿದ್ದರು. ಬೆಂಗಳೂರಿನಲ್ಲಿ ಎಲ್ಲಿಯೋ ಕಟ್ಟಡದ ಕೆಲಸ. ಹಬ್ಬಕ್ಕೆ ಬರುತ್ತೇವೆಂದು ಹೇಳಿ ಹೋದವರು ಹಬ್ಬಕ್ಕೆ ಬಂದಿರಲಿಲ್ಲ. ಮನೆಯ ಮುಂದೆ ಅಂಗಳವಿಲ್ಲ, ಹೊಲದ ಕಣಕ್ಕೆ ಹೋಗಿಬರಲು ಅವಳಿಗೆ ಕಾಲಿಲ್ಲ, ಮಕ್ಕಳನ್ನು ಬಿಟ್ಟುಹೋಗುವಂತಿಲ್ಲ. ಮಂಟಪದಲ್ಲಿ ನೆರಳೂ ಇತ್ತು, ಹಾಸುಗಲ್ಲೂ ಇತ್ತು. ಇಷ್ಟನ್ನು ಅವಳು ದೂರಾಗಿ ಹೇಳಲಿಲ್ಲ; ಕೇಳಿದುದಕ್ಕೆ ಹೇಳಿದಳು. ನನ್ನ ಅಳತೆಯ ಪಟ್ಟಿ ಕೈಯಲ್ಲಿಯೇ ಉಳಿಯಿತು.

ಹಿಂದಿರುಗುವಾಗ ಬಸ್ಸಿನಲ್ಲಿ ನನ್ನ ಮುಂದಿನ ಆಸನದಲ್ಲಿ ಒಂದು ಸಂಸಾರ. ಹಾಸಿಗೆಯ ಸುರುಳಿ, ಅಡಿಗೆಯ ಪಾತ್ರೆ, ಜೋಳದ ಹಿಟ್ಟಿನ ಚೀಲ. ಗುಳೆ ಹೊರಟವರೆಂದು ಕೇಳದೆಯೇ ತಿಳಿಯುತ್ತಿತ್ತು. ನಾನೂ ಪ್ರಯಾಣಿಕ, ಅವರೂ ಪ್ರಯಾಣಿಕರು. ನಾನು ಊರನ್ನು ನೋಡಲೆಂದು ಬಂದು ಹೋಗುತ್ತಿದ್ದೆನು; ಅವರು ಊರನ್ನು ಬಿಡಲಾರದೆ ಬಿಟ್ಟು ಹೋಗುತ್ತಿದ್ದರು. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ವಿಚಾರಿಸಿದ ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ಅತ್ಯಂತ ಹಿಂದುಳಿದವೆಂದು ಎಣಿಸಿದ 39 ತಾಲೂಕುಗಳಲ್ಲಿ ದೇವದುರ್ಗವೂ ಒಂದು. ಈ ಸಂಗತಿಯನ್ನು ನಾನು ಮೊದಲೇ ಓದಿದ್ದೆನು. ಓದಿದ ಸಂಗತಿಯು ಹಾಸಿಗೆಯ ಸುರುಳಿಯಾಗಿ ಎದುರಿಗೆ ಕುಳಿತಾಗ ಅದರ ಅರ್ಥವೇ ಬೇರೆಯಾಯಿತು.

ಅಂದಿನಿಂದ ನನ್ನನ್ನು ಕಾಡುವ ಪ್ರಶ್ನೆ ಇದು: ಆ ಮಂಟಪವು ಯಾರದು? ಕಟ್ಟಿಸಿದವನು ಸತ್ತು ಶತಮಾನಗಳಾದುವು. ಅದರ ಅಂದವನ್ನು ಅರಿತು ಸುಖಪಡುವ ನಾನು ಅದರ ಒಡೆಯನೇ? ಅದರ ನೆರಳಿನಲ್ಲಿ ಕಾಳು ಒಣಗಿಸುವ ಅವಳು ಒಡತಿಯೇ? ಇಲ್ಲವೆ ಇನ್ನೂ ಹುಟ್ಟದ ಮಕ್ಕಳು ಅದಕ್ಕೆ ಹಕ್ಕುದಾರರೇ?

ಈ ಮೂರು ಪಕ್ಷಗಳಲ್ಲಿ ನನ್ನ ಪಕ್ಷವು ಬಹು ಪ್ರಬಲವೆಂದು ತೋರುವುದಕ್ಕೆ ಮಸ್ಕಿಯ ದೃಷ್ಟಾಂತವನ್ನು ಕೊಡುವುದುಂಟು. ಅಲ್ಲಿಯ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವು ಎರಡು ಸಾವಿರ ವರ್ಷಗಳಿಗೂ ಮೀರಿ ಇದ್ದಿತು. 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತ ಬಂದ ಬೀಡನ್ ಎಂಬ ಎಂಜಿನಿಯರನು ಅದನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಅದುವರೆಗೆ ದೊರೆತ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದು, ಆ ಬಿರುದಿನ ಅರಸನು ಅಶೋಕನೇ ಎಂಬುದನ್ನು ಸಿಂಹಳದ ವಂಶಾವಳಿಗಳ ಆಧಾರದಿಂದ ಊಹಿಸಬೇಕಾಗಿತ್ತು. ಮಸ್ಕಿಯ ಬಂಡೆಯು ಅಶೋಕನೆಂಬ ಹೆಸರನ್ನೇ ಹೇಳಿ ಸಂಶಯವನ್ನು ನಿವಾರಿಸಿತು. ಇಷ್ಟು ಕಾಲ ಅದರ ಬಳಿ ಕುರಿ ಮೇಯಿಸಿದವರು ಅದನ್ನು ನೋಡಿರಲಿಲ್ಲ. ಹೊರಗಿನಿಂದ ಬಂದವನು ನೋಡಿದನು. ಆದಕಾರಣ ನೋಡಬಲ್ಲವನೇ ಒಡೆಯನೆಂದು ವಾದಿಸಬಹುದು.

ಈ ವಾದದಲ್ಲಿ ಅರ್ಧ ಸತ್ಯವಿದೆ. ಬೀಡನ್ನನು ಬಾರದಿದ್ದರೆ, ಶಾಸ್ತ್ರಿಗಳು ಓದದಿದ್ದರೆ, ನಮಗೆ ಆ ಬಂಡೆಯು ಬರಿಯ ಬಂಡೆಯಾಗಿಯೇ ಉಳಿಯುತ್ತಿತ್ತು. ಅವರಿಗೆ ನಾವು ಕೃತಜ್ಞರಾಗಿರಬೇಕು. ಆದರೆ ಉಳಿದರ್ಧವನ್ನು ಮರೆಯಲಾಗದು. ಬ್ರಾಹ್ಮೀ ಲಿಪಿಯನ್ನು ಲೋಕವೇ ಮರೆತಿದ್ದಿತು. 1837ರಲ್ಲಿ ಪ್ರಿನ್ಸೆಪ್ಪನು ಅದರ ರಹಸ್ಯವನ್ನು ಬಿಡಿಸುವವರೆಗೆ ಕಾಶಿಯ ಪಂಡಿತರಿಗೂ ಅದು ಅಭೇದ್ಯವೇ. ಓದಲಾರದ ಕುರುಬನನ್ನು ಮಾತ್ರ ಕುರುಡನೆನ್ನುವುದು ನ್ಯಾಯವಲ್ಲ. ಅಲ್ಲದೆ ಅವನು ಆ ಬಂಡೆಯನ್ನು ಒಡೆದು ಗೋಡೆಗೆ ಕಟ್ಟಲಿಲ್ಲ. ಓದಿದವನಿಗೆ ಅರ್ಥವನ್ನು ಕೊಟ್ಟ ಋಣವಿದೆಯೆಂದರೆ, ಓದದೆಯೂ ಇದ್ದಂತೆ ಉಳಿಯಗೊಟ್ಟವರ ಋಣವೂ ಇದೆ. ಇನ್ನು ಆ ಶಾಸನವು ಹೇಳುವುದೇನು? ಧರ್ಮದ ಫಲವು ದೊಡ್ಡವರಿಗೆ ಮಾತ್ರ ಮೀಸಲೆಂದು ಎಣಿಸಬಾರದು. ಸಣ್ಣವನೂ ಪ್ರಯತ್ನಿಸಿದರೆ ಅದನ್ನು ಪಡೆಯಬಲ್ಲನು ಎಂಬುದೇ ಅದರ ತಾತ್ಪರ್ಯ. ಇಂಥ ಮಾತನ್ನು ಹೊತ್ತ ಬಂಡೆಯನ್ನು ಮುಂದಿಟ್ಟುಕೊಂಡು ಸಣ್ಣವನಿಗೆ ಇದರಲ್ಲಿ ಹಕ್ಕಿಲ್ಲವೆಂದು ವಾದಿಸುವುದು ಬಂಡೆಗೇ ಅಪಚಾರವಾದೀತು.

ಇನ್ನು ಹುಟ್ಟದ ಮಕ್ಕಳ ಪಕ್ಷ. ಇದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆಡಿನ ಹಗ್ಗವು ಇನ್ನು ನಾಲ್ಕು ತಲೆಮಾರು ಉಜ್ಜಿದರೆ ಆ ಕಂಬದ ಕೆತ್ತನೆಯು ಉಳಿಯಲಾರದು. ಅದರಿಂದ ನಷ್ಟ ಪಡುವವರಲ್ಲಿ ಆ ಮುದುಕಿಯ ಮೊಮ್ಮಕ್ಕಳ ಮೊಮ್ಮಕ್ಕಳೂ ಇರುವರು. ಈ ನ್ಯಾಯವನ್ನು ಅನುಸರಿಸಿಯೇ ಸರಕಾರವು ಕಾಯಿದೆಗಳನ್ನು ಮಾಡಿದೆ. ಪುರಾತನ ಸ್ಮಾರಕಗಳ ಬಗ್ಗೆ ಕೇಂದ್ರದ ಕಾಯಿದೆ 1958ರದು, ರಾಜ್ಯದ್ದು 1961ರದು. ಕೇಂದ್ರ ಕಾಯಿದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಅದರ ರಕ್ಷಣೆಗೊಳಪಟ್ಟ ಸ್ಮಾರಕದ ಸುತ್ತ 100 ಮೀಟರು ನಿಷಿದ್ಧ ಪ್ರದೇಶ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ಉದ್ದೇಶವು ಒಳ್ಳೆಯದೇ. ಆದರೆ ಗುಡಿಯ ಗೋಡೆಗೆ ಬೆನ್ನು ಕೊಟ್ಟು ತಲೆಮಾರುಗಳಿಂದ ಮನೆಯಿರುವ ಬಡವನು ಒಂದು ಹೊಸ ಕೋಣೆಯನ್ನು ಕಟ್ಟಲು ಕೈಹಾಕಿದಾಗ, ಅವನಿಗೆ ಈ ಕಾಯಿದೆಯು ಯಾವ ರೂಪದಲ್ಲಿ ಕಾಣುವುದೆಂಬುದನ್ನು ಊಹಿಸಬಹುದು. ಅವನ ಅಜ್ಜನ ಕಾಲದಲ್ಲಿ ಗುಡಿಯು ಅವನಿಗೆ ನೆರೆಯಾಗಿದ್ದಿತು. ಅವನ ಕಾಲಕ್ಕೆ ಅದು ಅವನ ಮೇಲಣ ಕಾವಲಾಯಿತು. ಹಂಪಿಯಲ್ಲಿ 2011ರಲ್ಲಿ ವಿರೂಪಾಕ್ಷ ಗುಡಿಯ ಮುಂದಣ ಬಜಾರದ ಸಾಲುಮಂಟಪಗಳಲ್ಲಿ ನೆಲೆಸಿದ್ದವರ ಮನೆ ಅಂಗಡಿಗಳನ್ನು ಕೆಡವಿ ಜನರನ್ನು ತೆರವು ಮಾಡಿದರು. ಮಂಟಪಗಳಿಗೆ ಅಪಾಯವಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಜಾರವನ್ನು ಉಳಿಸುವುದಕ್ಕಾಗಿ ಬಜಾರದ ಜನರನ್ನು ತೆಗೆದರೆ ಉಳಿದುದೇನು ಎಂಬ ಪ್ರಶ್ನೆಯನ್ನು ಕೇಳದೆಯೂ ಇರಲಾರೆನು.

ಈ ಪ್ರಶ್ನೆಯು ನಮ್ಮ ದೇಶದ್ದು ಮಾತ್ರವಲ್ಲ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಸೀಮೆಯಲ್ಲಿ ಟೈನಮ್ ಎಂಬ ಸಣ್ಣ ಹಳ್ಳಿಯಿದೆ. 1943ರ ಡಿಸೆಂಬರಿನಲ್ಲಿ ಯುದ್ಧದ ತರಬೇತಿಗಾಗಿ ಸೈನ್ಯಕ್ಕೆ ಆ ನೆಲವು ಬೇಕಾಯಿತು. ಸುಮಾರು 225 ಜನ ತಮ್ಮ ಮನೆಗಳನ್ನು ಬಿಟ್ಟು ಹೊರಟರು. ಹೋಗುವಾಗ ಇಗರ್ಜಿಯ ಬಾಗಿಲಿಗೆ ಒಂದು ಚೀಟಿಯನ್ನು ಅಂಟಿಸಿದರು. ನಮ್ಮ ಇಗರ್ಜಿಯನ್ನೂ ಮನೆಗಳನ್ನೂ ಜೋಪಾನವಾಗಿ ನೋಡಿಕೊಳ್ಳಿರಿ, ನಾವು ಒಂದು ದಿನ ಮರಳಿ ಬರುವೆವು ಎಂಬುದು ಅದರ ಸಾರಾಂಶ. ಯುದ್ಧವು ಮುಗಿಯಿತು, ಅವರು ಮರಳಲಿಲ್ಲ. 1948ರಲ್ಲಿ ಸರಕಾರವು ಕಡ್ಡಾಯವಾಗಿ ಆ ನೆಲವನ್ನು ತನ್ನದಾಗಿ ಮಾಡಿಕೊಂಡಿತು. ಇಂದು ವಾರದ ಕೊನೆಯ ದಿನಗಳಲ್ಲಿ ಬಹುಮಟ್ಟಿಗೆ ಅದು ತೆರೆದಿರುತ್ತದೆ. ಪ್ರವಾಸಿಗಳು ಬಂದು ಮಾಡು ಹಾರಿಹೋದ ಮನೆಗಳನ್ನು ನೋಡುತ್ತಾರೆ. ಇಗರ್ಜಿಯೂ ಶಾಲೆಯೂ ಪ್ರದರ್ಶನಶಾಲೆಗಳಾಗಿವೆ. ಸಮೀಪದಲ್ಲಿ ಸುಂದರವಾದ ಕಡಲ ಕೊಲ್ಲಿ, ಕೆಲವು ಮೈಲಿಗಳಾಚೆ ಕಾರ್ಫ್ ಎಂಬ ಪಾಳುಕೋಟೆ. ನೋಡತಕ್ಕ ಸ್ಥಳಕ್ಕೆ ಬೇಕಾದುದೆಲ್ಲ ಅಲ್ಲಿದೆ. ಇಲ್ಲದಿರುವುದು ಊರು ಮಾತ್ರ.

ಟೈನಮ್ಮನ್ನು ಬರಿದು ಮಾಡಿದುದು ಯುದ್ಧ; ದೇವದುರ್ಗದ ಹಳ್ಳಿಗಳನ್ನು ವರ್ಷವರ್ಷವೂ ಅರ್ಧ ಬರಿದು ಮಾಡುವುದು ಹೊಟ್ಟೆ. ಅಲ್ಲಿಯವರು ಚೀಟಿ ಬರೆದಿಟ್ಟು ಹೋದರು. ನಮ್ಮವರು ಮುದುಕರನ್ನೂ ಮಕ್ಕಳನ್ನೂ ಬಿಟ್ಟು ಹೋಗುತ್ತಾರೆ. ಎರಡರ ಅರ್ಥವೂ ಒಂದೇ: ನಾವು ಮರಳಿ ಬರುವೆವು, ಅಲ್ಲಿಯವರೆಗೆ ನೋಡಿಕೊಳ್ಳಿರಿ. ಹೀಗಿರಲಾಗಿ, ಆ ಊರಿಗೆ ಹೋದ ಪ್ರವಾಸಿಯು ಕಂಬವನ್ನು ಮಾತ್ರ ನೋಡಿ ಬಂದರೆ, ಆ ಚೀಟಿಯನ್ನು ಓದದೆ ಬಾಗಿಲನ್ನು ಮಾತ್ರ ಮೆಚ್ಚಿಬಂದಂತಾಯಿತು.

ಇಲ್ಲಿ ಒಬ್ಬರು ಆಕ್ಷೇಪಿಸಬಹುದು. "ನೀವು ಎರಡು ಬೇರೆ ಬೇರೆ ವಿಷಯಗಳನ್ನು ಕಲಸಿದ್ದೀರಿ. ಗುಳೆಯು ಅರ್ಥಶಾಸ್ತ್ರದ ವಿಷಯ. ಗುಡಿಯು ಸೌಂದರ್ಯದ ವಿಷಯ. ರಜೆಯ ದಿನ ಗುಡಿ ನೋಡಲು ಹೋದವನ ತಲೆಯ ಮೇಲೆ ಸೀಮೆಯ ಬಡತನವನ್ನೆಲ್ಲ ಹೇರುವುದು ಯಾವ ನ್ಯಾಯ?" ಈ ಆಕ್ಷೇಪಣೆಯನ್ನು ನಾನು ಗೌರವಿಸುತ್ತೇನೆ. ಸಂತೋಷವು ಪಾಪವಲ್ಲ, ಪ್ರತಿಯೊಬ್ಬ ಪ್ರವಾಸಿಯೂ ಸುಧಾರಕನಾಗಬೇಕೆಂದರೆ ಯಾರೂ ಮನೆಯಿಂದ ಹೊರಡಲಾರರು. ಆದರೆ ಈ ಎರಡು ವಿಷಯಗಳನ್ನು ಕಲಸಿದವನು ನಾನಲ್ಲ. ನಾನು ಹೋಗುವುದಕ್ಕೆ ಮೊದಲೇ ಅವು ಅದೇ ಮಂಟಪದಲ್ಲಿ, ಅದೇ ಕಂಬದ ಬುಡದಲ್ಲಿ ಕಲೆತುಕೊಂಡಿದ್ದವು. ರಾಯಚೂರ ಕೋಟೆಯ ಶಿಲ್ಪಿಯೂ ಅವುಗಳನ್ನು ಬೇರೆ ಮಾಡಲಿಲ್ಲ. ಕಲ್ಲಿನ ಜೊತೆಗೆ ಕಲ್ಲನ್ನು ಎಳೆದವರನ್ನೂ ಕೊರೆದಿಟ್ಟನು. ಅವುಗಳನ್ನು ಬೇರೆ ಮಾಡುವವನು ಪ್ರವಾಸಿಯೇ. ಚಿತ್ರ ತೆಗೆಯುವಾಗ ಅವನು ಮುದುಕಿಗೆ ಸ್ವಲ್ಪ ಆಚೆ ಸರಿಯಲು ಹೇಳುತ್ತಾನೆ.

ನಮ್ಮ ಹಿರಿಯರ ಯಾತ್ರೆಗೂ ಇಂದಿನ ನೋಟಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಯಾತ್ರಿಕನು ತಾನು ಬದಲಾಗಬೇಕೆಂದು ಹೋಗುತ್ತಿದ್ದನು. ಹೊಳೆಯಲ್ಲಿ ಮಿಂದು, ಇದ್ದುದರಲ್ಲಿ ದಾನ ಮಾಡಿ, ಕ್ಷೇತ್ರದವರಿಗೆ ತಲೆಬಾಗಿ ಬರುತ್ತಿದ್ದನು. ಆ ಪದ್ಧತಿಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ಎಲ್ಲರಿಗೂ ಗುಡಿಯ ಬಾಗಿಲು ತೆರೆದಿರಲಿಲ್ಲವೆಂಬುದೇ ಸಾಕಾದಷ್ಟು ದೊಡ್ಡ ದೋಷ. ಆದರೆ ಕೊಡದೆ ಪಡೆಯಬಾರದೆಂಬ ಒಂದು ನಿಯಮವು ಅದರಲ್ಲಿತ್ತು. ಇಂದಿನ ನೋಟಕನು ಸ್ಥಳವು ತನ್ನನ್ನು ಸಂತೋಷಪಡಿಸಬೇಕೆಂದು ಹೋಗುತ್ತಾನೆ. ಸಂತೋಷವಾಗದಿದ್ದರೆ ಸ್ಥಳವನ್ನೇ ದೂರುತ್ತಾನೆ. ತಾನೇನೂ ಕೊಡಬೇಕಾದುದಿಲ್ಲವೆಂದು ಅವನ ಭಾವನೆ. ಏಕೆಂದರೆ ನೋಡುವುದರಿಂದ ಏನೂ ಸವೆಯುವುದಿಲ್ಲವೆಂದು ಅವನು ತಿಳಿದಿದ್ದಾನೆ. ಇದೇ ಮೂಲದಲ್ಲಿರುವ ತಪ್ಪು. ಅವನ ನೋಟಕ್ಕಾಗಿ ಒಂದು ಕಲ್ಲು ಉಳಿಯಬೇಕಾದರೆ, ಇನ್ನೊಬ್ಬನು ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ನೋಟದ ಬೆಲೆಯನ್ನು ಯಾರೋ ತೆರುತ್ತಲೇ ಇರುತ್ತಾರೆ. ತೆರುವವನು ನೋಡುವವನಲ್ಲ, ಅಷ್ಟೆ.

ಆದಕಾರಣ ನಾನು ಮುಟ್ಟಿದ ನಿರ್ಣಯವಿದು. ಮಂಟಪದ ಒಡೆತನವನ್ನು ಮೂವರಲ್ಲಿ ಒಬ್ಬರಿಗೇ ಕೊಡುವಂತಿಲ್ಲ. ಅದನ್ನು ಉಳಿಸತಕ್ಕದ್ದೆಂಬುದು ಸತ್ಯ. ಆದರೆ ಉಳಿಸುವ ಭಾರವನ್ನು ಅದರ ಸೊಬಗಿನಿಂದ ಸುಖ ಪಡೆಯುವವರು ಹೊರಬೇಕೇ ಹೊರತು, ಅದರ ಪಕ್ಕದಲ್ಲಿ ಹುಟ್ಟಿದರೆಂಬ ಒಂದೇ ಕಾರಣದಿಂದ ಬಡವರ ಮೇಲೆ ಹೊರಿಸತಕ್ಕದ್ದಲ್ಲ. ತೊಗರಿಯನ್ನು ತೆಗೆಯೆಂದು ಮುದುಕಿಗೆ ಹೇಳುವ ಅಧಿಕಾರವು, ಅವಳ ಮನೆಯ ಹತ್ತಿರ ನಾಲ್ಕು ಹಾಸುಗಲ್ಲಿನ ಕಣವೊಂದನ್ನು ಮಾಡಿಕೊಟ್ಟ ಮೇಲೆ ಬರುತ್ತದೆ, ಅದಕ್ಕೆ ಮೊದಲಲ್ಲ. ಮೊದಲು ಕಣ, ಆಮೇಲೆ ಕಾಯಿದೆ. ಇದು ಹೆಚ್ಚಿನ ಖರ್ಚಿನ ಮಾತೂ ಅಲ್ಲ. ಒಂದು ಗುಡಿಯ ಸುತ್ತ ತಂತಿಬೇಲಿ ಹಾಕುವ ವೆಚ್ಚದಲ್ಲಿ ಅಂಥ ಒಂದು ಕಣವನ್ನು ಮಾಡಿಕೊಡಬಹುದು. ಹಾಗೆ ಮಾಡಿದರೆ ಗುಡಿಗೆ ಕಾವಲುಗಾರರೂ ದೊರೆಯುವರು. ತನ್ನ ಬಾಳನ್ನು ಗೌರವಿಸಿದ ಕಲ್ಲನ್ನು ಊರು ತಾನಾಗಿಯೇ ಗೌರವಿಸುತ್ತದೆ.

ಇದು ಸರಕಾರದ ಕೆಲಸವಲ್ಲವೇ, ಒಬ್ಬ ಸಾಮಾನ್ಯ ಪ್ರವಾಸಿಯು ಮಾಡತಕ್ಕದ್ದೇನು ಎಂದು ಕೇಳಿದರೆ, ಅವನಿಗೂ ಸಾಧ್ಯವಾದ ಮೂರು ಕೆಲಸಗಳಿವೆ. ಮೊದಲನೆಯದು, ಹೋದ ಊರಿನಲ್ಲಿ ಕಲ್ಲಿಗೆ ಮೊದಲು ಮನುಷ್ಯರನ್ನು ಮಾತನಾಡಿಸುವುದು. ಗುಡಿಯನ್ನು ಕುರಿತು ಅವರು ಹೇಳುವ ಕಥೆಯು ಇತಿಹಾಸಕ್ಕೆ ಹೊಂದದೆ ಇರಬಹುದು. ಆದರೆ ಅವರು ಇಷ್ಟು ಕಾಲ ಅದನ್ನು ಏಕೆ ಉಳಿಯಗೊಟ್ಟರೆಂಬುದು ಆ ಕಥೆಯಿಂದಲೇ ತಿಳಿಯುತ್ತದೆ. ಎರಡನೆಯದು, ಅಲ್ಲಿ ಉಂಡು, ಅಲ್ಲಿ ಕೊಂಡು, ಸಾಧ್ಯವಾದರೆ ಒಂದು ರಾತ್ರಿ ಅಲ್ಲಿಯೇ ತಂಗುವುದು. ರಾಯಚೂರಿನಿಂದ ಬುತ್ತಿ ಕಟ್ಟಿಕೊಂಡು ಹೋಗಿ ಎಲೆಯನ್ನು ಮಾತ್ರ ಅಲ್ಲಿ ಎಸೆದು ಬರುವವನು ಊರಿಗೆ ಕೊಟ್ಟುದೇನು? ಮೂರನೆಯದು, ತಾನು ತಿಳಿದುದನ್ನು ಆ ಊರಿಗೇ ಹಿಂದಿರುಗಿಸುವುದು. ಶಾಸನವನ್ನು ಓದಿದವನು ಅದರ ಅರ್ಥವನ್ನು ತಿಳಿಗನ್ನಡದಲ್ಲಿ ಬರೆದು ಆ ಊರಿನ ಶಾಲೆಗೆ ಕಳುಹಿಸಲಿ. ಪಂಡಿತರ ಗ್ರಂಥಗಳಲ್ಲಿ ಅಡಗಿದ ಗಬ್ಬೂರಿನ ಶಾಸನಗಳ ಸಂಗತಿಯನ್ನು ಗಬ್ಬೂರಿನ ಹುಡುಗನೇ ಅರಿಯದಿದ್ದರೆ, ಓದಿದವನ ಸಾಲವು ಇನ್ನೂ ತೀರಿಲ್ಲವೆಂದೇ ತಿಳಿಯಬೇಕು.

ಮುಂದಿನ ವರ್ಷ ನಾನು ಮತ್ತೊಮ್ಮೆ ಆ ಊರಿಗೆ ಹೋದೆನು. ಅಳತೆಯ ಪಟ್ಟಿಯನ್ನು ಈ ಸಲವೂ ಒಯ್ದಿದ್ದೆನು. ಅದು ಬೇಡವಾದ ವಸ್ತುವೆಂದು ನನಗೆ ಈಗಲೂ ತೋರುವುದಿಲ್ಲ. ಮುದುಕಿಯು ಅಲ್ಲಿಯೇ ಇದ್ದಳು. ಮಕ್ಕಳಲ್ಲಿ ದೊಡ್ಡದನ್ನು ತಾಯಿತಂದೆಗಳು ಬಂದು ಕರೆದುಕೊಂಡು ಹೋಗಿದ್ದರು. ಕಂಬದ ಸುತ್ತ ಹಗ್ಗ ಉಜ್ಜುವ ಕಡೆಗೆ ಹಳೆಯ ಗೋಣಿತಟ್ಟನ್ನು ಸುತ್ತಿ, ಅದರ ಮೇಲೆ ಆಡನ್ನು ಕಟ್ಟಿದ್ದಳು. ನಾನು ಹೋದ ಸಲ ಹಾಗೆ ಮಾಡೆಂದು ಹೇಳಿರಲಿಲ್ಲ; ಕಂಬದ ಸವೆತವನ್ನು ಬೆರಳಿನಿಂದ ಮುಟ್ಟಿ ನೋಡಿದ್ದೆನಷ್ಟೆ. ಅವಳು ಅದನ್ನು ಗಮನಿಸಿದ್ದಳು. ಅವಳಿಗಾಗಿ ಕಣವನ್ನು ಮಾಡಿಕೊಡಿಸುವ ಪ್ರಯತ್ನದಲ್ಲಿ ನಾನು ಬರೆದ ಅರ್ಜಿಗೆ ಆ ವೇಳೆಗೆ ಉತ್ತರವೂ ಬಂದಿರಲಿಲ್ಲ. ನಮ್ಮಿಬ್ಬರಲ್ಲಿ ತನ್ನ ಪಾಲಿನ ಋಣವನ್ನು ಮೊದಲು ತೀರಿಸಿದವಳು ಅವಳೇ.

ನಮ್ಮ ಸಂಘದ ಸದಸ್ಯರಲ್ಲಿ ಒಂದು ವಿಜ್ಞಾಪನೆಯಿಂದ ಈ ಲೇಖನವನ್ನು ಮುಗಿಸುತ್ತೇನೆ. ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ತಮ್ಮ ಮನೆಯಿಂದ ಒಂದು ದಿನದ ದಾರಿಯೊಳಗಿನ ಒಂದು ಊರಿಗೆ ಹೋಗಲಿ. ಅಲ್ಲಿರುವ ಗುಡಿ, ಬಾವಿ, ಕೋಟೆ, ಶಾಸನಗಳನ್ನು ನೋಡಿ ಬರೆಯಲಿ. ಅಲ್ಲಿಯ ಎಷ್ಟು ಮನೆಗಳಿಗೆ ಬೀಗ ಬಿದ್ದಿದೆ, ಏಕೆ ಬಿದ್ದಿದೆ ಎಂಬುದನ್ನೂ ಅದೇ ಪುಟದಲ್ಲಿ ಬರೆಯಲಿ. ಆಗ ಪರಸ್ಥಳದ ಮಿತ್ರರು ನಮ್ಮ ಸೀಮೆಯಲ್ಲಿ ನೋಡತಕ್ಕದ್ದೇನೆಂದು ಕೇಳಿದರೆ ಕೊಡುವುದಕ್ಕೆ ನಮ್ಮಲ್ಲಿ ಒಂದು ಪ್ರಾಮಾಣಿಕವಾದ ಉತ್ತರವಿರುವುದು.